ಎನ್‌ಸಿಇಆರ್‌ಟಿ ಜೀವಶಾಸ್ತ್ರ, 11 ಮತ್ತು 12ನೇ ತರಗತಿ: ನೀಟ್‌ಗೆ ಎಷ್ಟು ಸಾಕು, ಎಲ್ಲಿ ಸಾಲದು

ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದು. 180 ಪ್ರಶ್ನೆಗಳಲ್ಲಿ 90 ಈ ಒಂದೇ ವಿಷಯದವು, ಅವುಗಳಲ್ಲಿ ಬಹುಪಾಲು ಹುಟ್ಟುವುದು ಎನ್‌ಸಿಇಆರ್‌ಟಿಯ ಈ ಎರಡು ಪುಸ್ತಕಗಳ ಸಾಲುಗಳಿಂದ. ನಮ್ಮ ಪಿಯು ವಿಜ್ಞಾನದ ಮಕ್ಕಳು ಕಾಲೇಜಿನಲ್ಲಿ ಓದುವುದೂ ಇದೇ ಪಠ್ಯ. ಹಾಗಿದ್ದೂ ದಪ್ಪ ಗೈಡ್‌ಗಳಿಗೆ ದುಡ್ಡು ಸುರಿದು, ಇದನ್ನು ಒಮ್ಮೆಯೂ ಪೂರ್ತಿ ಓದದೆ ಪರೀಕ್ಷೆಗೆ ಕೂರುವವರನ್ನು ಕಂಡರೆ ಸಂಕಟವಾಗುತ್ತದೆ. ಮೊದಲು ಕೈಗೆತ್ತಿಕೊಳ್ಳಬೇಕಾದ ಪುಸ್ತಕ ಇದೇ. ಆದರೆ ‘ಎನ್‌ಸಿಇಆರ್‌ಟಿ ಒಂದಿದ್ದರೆ ಸಾಕು’ ಎಂಬ ಹಳೇ ಮಾತು ಈಗಿನ ಆವೃತ್ತಿಗೆ ಪೂರ್ತಿ ಹೊಂದುವುದಿಲ್ಲ.

ಪುಸ್ತಕದ ದೊಡ್ಡ ಗುಣ ಅದರ ಬಿಗಿ. ಒಂದು ವಾಕ್ಯವೂ ಸುಮ್ಮನೆ ಬಂದಿರುವುದಿಲ್ಲ. ಉಸಿರಾಟದ ಅಧ್ಯಾಯದಲ್ಲಿರುವ ಭಾಗಶಃ ಒತ್ತಡದ (ಮಿಶ್ರಣದಲ್ಲಿ ಒಂದೊಂದು ಅನಿಲವೂ ತನ್ನ ಪಾಲಿಗೆ ಹಾಕುವ ಒತ್ತಡ) ಕೋಷ್ಟಕವನ್ನೇ ನೋಡಿ. ಆಮ್ಲಜನಕಕ್ಕೆ ಹೊರಗಿನ ಗಾಳಿಯಲ್ಲಿ 159, ಶ್ವಾಸಕೋಶದ ಪುಟ್ಟ ಗಾಳಿಚೀಲಗಳಾದ ಆಲ್ವಿಯೊಲೈನಲ್ಲಿ 104, ಶುದ್ಧ ರಕ್ತದಲ್ಲಿ 95, ಅಶುದ್ಧ ರಕ್ತದಲ್ಲಿ 40, ಅಂಗಾಂಶದಲ್ಲಿ 40. ಎಲ್ಲವೂ ಪಾದರಸದ ಮಿಲಿಮೀಟರ್ ಲೆಕ್ಕ. ಇಂಗಾಲದ ಡೈಆಕ್ಸೈಡ್‌ಗೆ ಅದೇ ಸಾಲಿನಲ್ಲಿ 0.3, 40, 40, 45, 45. ಹತ್ತೇ ಅಂಕಿ. ಮಕ್ಕಳು ಎಡವುವುದು 104 ಮತ್ತು 95ರ ನಡುವೆ, ಏಕೆಂದರೆ ಆಲ್ವಿಯೊಲೈ ಮತ್ತು ಅದನ್ನು ದಾಟಿ ಬಂದ ರಕ್ತ ಒಂದೇ ಎಂದುಕೊಂಡು ಓದಿರುತ್ತಾರೆ. ಪಕ್ಕದ ಪುಟಗಳಲ್ಲೇ ಇಂಗಾಲದ ಡೈಆಕ್ಸೈಡ್ ಸಾಗಣೆಯ ಲೆಕ್ಕವೂ ಇದೆ: ಸುಮಾರು 70% ಬೈಕಾರ್ಬೊನೇಟ್ ಆಗಿ, 20–25% ಕೆಂಪು ರಕ್ತಕಣಗಳ ಮೂಲಕ, 7% ಪ್ಲಾಸ್ಮಾದಲ್ಲಿ ಕರಗಿ. ಎರಡು ಹೇಳಿಕೆ ಕೊಟ್ಟು ಯಾವುದು ಸರಿ ಎಂದು ಕೇಳುವ ಪ್ರಶ್ನೆಯಲ್ಲಿ ಇಂಥ ಒಂದು ಅಂಕಿಯನ್ನೋ ಒಂದು ಪದವನ್ನೋ ಬದಲಿಸಿದರೆ ಸಾಕು, ‘ಓದಿದ್ದೆನಲ್ಲ’ ಎಂಬ ನೆನಪು ಕೈಕೊಡುತ್ತದೆ. ನಾಲ್ಕು ಅಂಕ ಹೋಗುವುದಲ್ಲದೆ ತಪ್ಪಿಗೆ ಇನ್ನೊಂದು ಕಡಿತ.

ಹಾಗಾಗಿ ಓದುವ ಕ್ರಮ ಮುಖ್ಯ. ಮೊದಲ ಸುತ್ತಿನಲ್ಲಿ ಕೈಯಲ್ಲಿ ಪೆನ್ಸಿಲ್ ಬೇಡ; ಅಧ್ಯಾಯವನ್ನು ಒಂದೇ ಸಮ ಓದಿ ಮುಗಿಸಬೇಕು. ಎರಡನೇ ಸುತ್ತಿಗೆ ಹಿಂದಿನ ವರ್ಷಗಳ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟುಕೊಂಡು, ಪ್ರತಿ ಪ್ರಶ್ನೆ ಯಾವ ಸಾಲಿನಿಂದ ಬಂದಿದೆ ಎಂದು ಹುಡುಕಿ, ಆ ಸಾಲಿನ ಅಂಚಿನಲ್ಲಿ ವರ್ಷವನ್ನು ಸಣ್ಣದಾಗಿ ಬರೆಯಬೇಕು. ಮೂರನೆಯದರಲ್ಲಿ ಚಿತ್ರಗಳ ಹೆಸರು, ಕೋಷ್ಟಕದ ಅಂಕಿಗಳನ್ನು ಕಾಗದದಿಂದ ಮುಚ್ಚಿ ತಾವೇ ಬರೆದು ನೋಡಬೇಕು. ಮೊದಲ ದಿನವೇ ಹೈಲೈಟರ್ ಹಿಡಿದವರ ಪುಸ್ತಕ ಪೂರ್ತಿ ಹಳದಿಯಾಗಿ, ಮರು ಓದಿನಲ್ಲಿ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಎರಡೂ ಪುಸ್ತಕ ಸೇರಿ ಈಗ 32 ಅಧ್ಯಾಯ. ಅಧ್ಯಾಯಕ್ಕೆ ಎರಡು ದಿನದಂತೆ ಹಿಡಿದರೂ ಮೊದಲ ಸುತ್ತು 64 ದಿನ ತೆಗೆದುಕೊಳ್ಳುತ್ತದೆ. ಜನವರಿಗೆ ಶುರು ಮಾಡಿದರೆ ಮೂರನೇ ಸುತ್ತಿಗೆ ಜಾಗವೇ ಇರುವುದಿಲ್ಲ.

ಇನ್ನು ಕೊರತೆ. ಪಠ್ಯ ಕಡಿತಗೊಳಿಸಿದಾಗ 11ರಲ್ಲಿ ಮೂರು, 12ರಲ್ಲಿ ಮೂರು ಅಧ್ಯಾಯ ಹೋದವು. ಸಸ್ಯಗಳಲ್ಲಿ ಸಾಗಾಣಿಕೆ, ಖನಿಜ ಪೋಷಣೆ, ಜೀರ್ಣಕ್ರಿಯೆ ಮುಂತಾದ ಆ ಅಧ್ಯಾಯಗಳು 2024ರ ನೀಟ್ ಪಠ್ಯಕ್ರಮದಿಂದಲೂ ಹೋಗಿವೆ, ಅದರಿಂದ ನಷ್ಟವಿಲ್ಲ. ತೊಂದರೆ ಇರುವುದು ಪುಸ್ತಕದಲ್ಲಿ ಇಲ್ಲದೆ ಪಠ್ಯಕ್ರಮದಲ್ಲಿ ಉಳಿದಿರುವ ಭಾಗಗಳಲ್ಲಿ. ಪ್ರಾಣಿ ಅಂಗಾಂಶಗಳು ಹೊಸ ಪುಸ್ತಕದಲ್ಲಿಲ್ಲ. ಸೀನಿಯರ್‌ಗಳ ಬಳಿಯೋ ಕಾಲೇಜಿನ ಲೈಬ್ರರಿಯಲ್ಲೋ ಹಳೆಯ ಪ್ರತಿ ಹುಡುಕಿ ಆ ಅಧ್ಯಾಯ ಓದಲೇಬೇಕು. ಸಸ್ಯ ಕುಟುಂಬಗಳ ಪಾಡು ಇನ್ನೂ ಕಷ್ಟ. ಹೊಸ ಪುಸ್ತಕದಲ್ಲಿರುವುದು ಬದನೆ, ಟೊಮೆಟೊಗಳ ಸೊಲನೇಸಿ ಮಾತ್ರ. ಪಠ್ಯಕ್ರಮ ಕೇಳುವುದು ದಾಸವಾಳದ ಮಾಲ್ವೇಸಿ, ಸಾಸಿವೆಯ ಕ್ರುಸಿಫೆರೆ, ಬಟಾಣಿಯ ಲೆಗ್ಯುಮಿನೋಸೆ, ಸೂರ್ಯಕಾಂತಿಯ ಕಾಂಪೊಸಿಟೆ, ಹುಲ್ಲಿನ ಗ್ರಾಮಿನೆ. ಹಳೆಯ ಆವೃತ್ತಿಯಲ್ಲೂ ಇವುಗಳಲ್ಲಿ ಸಿಗುವುದು ಲೆಗ್ಯುಮಿನೋಸೆಗೆ ಸೇರಿದ ಫ್ಯಾಬೇಸಿ ಒಂದೇ.

ಈ ಐದನ್ನು ಬಾಯಿಪಾಠಕ್ಕಿಂತ ಹೂವು ಬಿಡಿಸಿ ಕಲಿಯುವುದು ಮೇಲು. ಅಂಗಳದ ಒಂಟಿ ಎಸಳಿನ ದಾಸವಾಳ ತನ್ನಿ. ಹಸಿರು ಪುಷ್ಪಪಾತ್ರೆಯ ಕೆಳಗೆ ಇನ್ನೊಂದು ಸುತ್ತು ಸಣ್ಣ ಹಸಿರು ಎಸಳು ಕಾಣುತ್ತದೆ, ಅದೇ ಎಪಿಕ್ಯಾಲಿಕ್ಸ್. ಕೇಸರಗಳೆಲ್ಲ ಒಂದೇ ಕೊಳವೆಯಾಗಿ ಶಲಾಕೆಯನ್ನು ಸುತ್ತಿಕೊಂಡಿವೆ, ಅದು ಮೊನಡೆಲ್ಫಸ್. ಅಂಡಾಶಯವನ್ನು ಬ್ಲೇಡಿನಿಂದ ಅಡ್ಡ ಕೊಯ್ದರೆ ಐದು ಕೋಣೆ, ನಡುವಿನ ಅಕ್ಷಕ್ಕೆ ಅಂಟಿದ ಅಂಡಕಗಳು. ಸಾಸಿವೆ ಹೂವಿನಲ್ಲಿ ಆರು ಕೇಸರ, ಹೊರಗಿನ ಎರಡು ಗಿಡ್ಡ, ಒಳಗಿನ ನಾಲ್ಕು ಉದ್ದ. ಬಟಾಣಿಯಲ್ಲಿ ಒಂಬತ್ತು ಕೇಸರ ಕೂಡಿಕೊಂಡು ಒಂದು ಬೇರೆ ನಿಂತಿರುತ್ತದೆ. ಒಮ್ಮೆ ಕಣ್ಣಾರೆ ಕಂಡದ್ದು ಪರೀಕ್ಷಾ ಕೊಠಡಿಯಲ್ಲಿ ಮರೆಯುವುದು ಕಷ್ಟ.

ರಸಾಯನಶಾಸ್ತ್ರದಲ್ಲಿ ಇದೇ ಅಂತರ ಇನ್ನೂ ದೊಡ್ಡದು. ಆವರ್ತಕ ಕೋಷ್ಟಕದ ಬಲಬದಿಯ ಪಿ-ಬ್ಲಾಕ್ ಧಾತುಗಳು ನೀಟ್ ಪಠ್ಯಕ್ರಮದಲ್ಲಿವೆ, ಹೊಸ ಎನ್‌ಸಿಇಆರ್‌ಟಿಯ ಎರಡೂ ವರ್ಷದ ಪುಸ್ತಕಗಳಲ್ಲಿ ಆ ಅಧ್ಯಾಯವಿಲ್ಲ. ಭೌತಶಾಸ್ತ್ರಕ್ಕೆ ಎನ್‌ಸಿಇಆರ್‌ಟಿ ವಿವರಣೆಗೆ ಸರಿ, ಲೆಕ್ಕದ ಅಭ್ಯಾಸಕ್ಕೆ ಸಾಲದು.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರಿಗೆ ಒಂದು ಮಾತು. ಹೃತ್ಕರ್ಣ, ಹೃತ್ಕುಕ್ಷಿ ಎಂದು ಕಲಿತದ್ದು ಇಲ್ಲಿ ಏಟ್ರಿಯಮ್, ವೆಂಟ್ರಿಕಲ್ ಆಗುತ್ತದೆ. ಪ್ರತಿ ಅಧ್ಯಾಯಕ್ಕೂ ಎರಡು ಕಾಲಂ ಎಳೆದು ಜೋಡಿ ಪದ ಬರೆದುಕೊಂಡರೆ ಮೊದಲ ಎರಡು ತಿಂಗಳ ತಡವರಿಕೆ ತಪ್ಪುತ್ತದೆ. ನೀಟ್ ಕನ್ನಡದಲ್ಲೂ ಬರೆಯಬಹುದು, ಆದರೆ ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಅರ್ಥ ಕನ್ನಡದಲ್ಲಿ ಮಾಡಿಕೊಳ್ಳಿ, ಪದ ಎರಡರಲ್ಲೂ ಗೊತ್ತಿರಲಿ.

ಕೊಳ್ಳುವಾಗ ಪುಟವನ್ನು ಬೆಳಕಿಗೆ ಹಿಡಿದು ಎನ್‌ಸಿಇಆರ್‌ಟಿ ವಾಟರ್‌ಮಾರ್ಕ್ ಇದೆಯೇ ನೋಡಿ, ಮುದ್ರಣದ ವರ್ಷವನ್ನೂ ಓದಿ. ನಕಲಿ ಪ್ರತಿಯಲ್ಲಿ ಮೊದಲು ಹಾಳಾಗುವುದು ಚಿತ್ರ. ಮೂತ್ರಪಿಂಡದ ಸೋಸುವ ಘಟಕವಾದ ನೆಫ್ರಾನ್ ಚಿತ್ರದಲ್ಲಿ ಹೆಸರಿನ ಗೆರೆ ಯಾವ ಕೊಳವೆಗೆ ತಾಗಿದೆ ಎಂದು ಕಾಣದಿದ್ದರೆ ಆ ಪ್ರತಿ ಬೇಡ. ಎನ್‌ಸಿಇಆರ್‌ಟಿಯ ವೆಬ್‌ಸೈಟಿನಲ್ಲಿ ಎಲ್ಲ ಅಧ್ಯಾಯಗಳೂ ಉಚಿತವಾಗಿ ಸಿಗುತ್ತವೆ. ಆ ಒಂದು ಪುಟವನ್ನು ಅಲ್ಲಿಂದ ಪ್ರಿಂಟ್ ತೆಗೆದು ಅಂಟಿಸಿಕೊಂಡರೂ ಆದೀತು.