ಬನ್ನಿ ಮುಗಿದ ಮೇಲೆ ಬಂದ ಪಗಾರ: ನೆರೆ ಪರಿಹಾರಕ್ಕೆ ಜನರನ್ನು ಒದಗಿಸಿದ ಏಜೆನ್ಸಿಯ ಸೇವೆ ಹೇಗಿತ್ತು

2024ರ ಜುಲೈ ಕೊನೆಯ ವಾರದಲ್ಲಿ ಘಟಪ್ರಭಾ ಉಕ್ಕಿ ಗೋಕಾಕ, ಮುಧೋಳ ಭಾಗದ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿದಾಗ, ಬಾಗಲಕೋಟೆ ನವನಗರದ ಬಾಡಿಗೆ ಮನೆಯೊಂದರಲ್ಲಿ ನಡೆಯುವ ನಮ್ಮ ನೆರವು ಸಂಸ್ಥೆಯ ಕ್ಷೇತ್ರ ಕಚೇರಿಯಲ್ಲಿ ಇದ್ದವರು ಚಾಲಕರೂ ಸೇರಿ ಒಂಬತ್ತು ಜನ. (ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದವರಿಗಾಗಿಯೇ ಕಟ್ಟಿದ ಊರು ನವನಗರ, ಪುನರ್ವಸತಿಯ ಕೆಲಸ ಮಾಡುವವರಿಗೆ ಇದಕ್ಕಿಂತ ತಕ್ಕ ವಿಳಾಸ ಸಿಗಲಾರದು.) ಆ ಒಂಬತ್ತು ಜನರಲ್ಲಿ ಮಾನವ ಸಂಪನ್ಮೂಲ ವಿಭಾಗವೆಂದರೆ ನಾನೊಬ್ಬಳು. ಹತ್ತು ದಿನಗಳೊಳಗೆ ಇಪ್ಪತ್ನಾಲ್ಕು ಕ್ಷೇತ್ರ ಕಾರ್ಯಕರ್ತರನ್ನು ನಾಲ್ಕು ತಿಂಗಳ ಅವಧಿಗೆ ತೆಗೆದುಕೊಳ್ಳಬೇಕೆಂದು ಮುಖ್ಯ ಕಚೇರಿಯಿಂದ ಸೂಚನೆ ಬಂತು. ಜಾಹೀರಾತು, ಅರ್ಜಿ, ಸಂದರ್ಶನ ಎಂದು ನಾವೇ ಕೂತರೆ, ಹೊಳೆ ಇಳಿದು ಜನ ಮನೆ ಸೇರಿದ ಮೇಲೆ ನಮ್ಮ ಕಾರ್ಯಕರ್ತರು ಕೆಲಸಕ್ಕೆ ಸೇರಬೇಕಾಗುತ್ತಿತ್ತು. ಆದ್ದರಿಂದ ಬೆಳಗಾವಿಯ ಹೊರಗುತ್ತಿಗೆ ಏಜೆನ್ಸಿಯೊಂದನ್ನು ಗೊತ್ತುಮಾಡಿದೆವು. ಅದರ ಸೇವೆಯನ್ನು ಕುರಿತು ಈ ಬರಹ. ಏಜೆನ್ಸಿಯ ಹೆಸರನ್ನು ಬರೆಯುತ್ತಿಲ್ಲ. ಅವರೊಂದಿಗಿನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ, ಅಲ್ಲದೆ ಇದೇ ವ್ಯವಹಾರದಲ್ಲಿರುವ ಇತರರ ಬಗ್ಗೆ ಬೇರೆ ಸಂಸ್ಥೆಗಳ ಗೆಳತಿಯರು ಹೇಳುವುದೂ ಬಹುಮಟ್ಟಿಗೆ ಇದನ್ನೇ.

ಮೆಚ್ಚಬೇಕಾದುದನ್ನು ಮೊದಲು ಹೇಳಿಬಿಡುತ್ತೇನೆ. ಜನರನ್ನು ಹುಡುಕುವುದರಲ್ಲಿ ಈ ಏಜೆನ್ಸಿಗೆ ನಿಜಕ್ಕೂ ಕೈಗುಣವಿದೆ. ಒಪ್ಪಂದವಾದ ಆರನೆಯ ದಿನ ಅರವತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ನಮ್ಮ ಕಚೇರಿಯ ಅಂಗಳದಲ್ಲಿದ್ದರು. ನೆರೆ ಸಂತ್ರಸ್ತರು ಉಳಿಯುವ ಕಾಳಜಿ ಕೇಂದ್ರಗಳಲ್ಲಿ ಹೆಣ್ಣುಮಕ್ಕಳೊಂದಿಗೆ ಕೂತು ಮಾತನಾಡಬೇಕಾದ ಕೆಲಸವಾದ್ದರಿಂದ ಅರ್ಧದಷ್ಟಾದರೂ ಮಹಿಳೆಯರು ಬೇಕೆಂದು ನಾನು ಕೇಳಿದ್ದೆ. ಬೈಕ್ ಓಡಿಸುವ, ತಿಂಗಳಲ್ಲಿ ಹತ್ತು ದಿನ ಹೊರಗೆ ಉಳಿಯಲು ಒಪ್ಪುವ ಮಹಿಳೆಯರು ಸಿಗುವುದು ಕಷ್ಟವೆಂದೇ ನನ್ನ ಲೆಕ್ಕವಾಗಿತ್ತು. ಏಜೆನ್ಸಿಯವರು ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದಿದ ಹುಡುಗಿಯರನ್ನು ಕರೆತಂದರು, ಅವರಲ್ಲಿ ಏಳು ಜನ ಆಯ್ಕೆಯಾದರು. ಬನಹಟ್ಟಿಯ ನೇಕಾರರ ಮನೆಯ ಹುಡುಗನೊಬ್ಬನನ್ನೂ ಅವರೇ ಹುಡುಕಿದ್ದು. ನೀರು ನಿಂತ ಮನೆಗಳ ಹಾನಿಯನ್ನು ಪಟ್ಟಿ ಮಾಡುವಾಗ ಉಳಿದವರು "ಮಗ್ಗ ಒಂದು" ಎಂದಷ್ಟೇ ಬರೆದು ಮುಂದೆ ಹೋಗುತ್ತಿದ್ದರೆ, ಅವನು ಕುಣಿಮಗ್ಗವೋ ವಿದ್ಯುತ್ ಮಗ್ಗವೋ, ಕುಣಿಯೊಳಗೆ ಕೆಸರು ಎಷ್ಟು ತುಂಬಿದೆ, ಹಾಸಿನ ನೂಲು ಕೊಳೆತಿದೆಯೋ ಒಣಗಿಸಿದರೆ ಬಳಕೆಗೆ ಬರುತ್ತದೆಯೋ ಎಂದು ಕೇಳಿ ಬರೆದುಕೊಂಡು ಬರುತ್ತಿದ್ದ. ಅಂಥವನು ನನ್ನ ಜಾಹೀರಾತು ನೋಡಿ ಅರ್ಜಿ ಹಾಕುತ್ತಿದ್ದನೆಂದು ನನಗನ್ನಿಸುವುದಿಲ್ಲ. ನೇಮಕಾತಿಗೆ ಮಾತ್ರ ಅಂಕ ಕೊಡುವುದಾದರೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಇನ್ನು ಖರ್ಚು. ಒಬ್ಬ ಕಾರ್ಯಕರ್ತರಿಗೆ ತಿಂಗಳಿಗೆ 18,000 ರೂಪಾಯಿ ನಿಗದಿಯಾಗಿತ್ತು. ಅದರಲ್ಲಿ ಭವಿಷ್ಯ ನಿಧಿಯ (ಪಿಎಫ್) ಲೆಕ್ಕಕ್ಕೆ ಬರುವುದು 15,000. ಪಿಎಫ್‌ಗೆ ಶೇ 12ರಂತೆ 1,800, ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಶೇ 0.75ರಂತೆ 135 ಕಡಿತವಾಗಿ ಅವರ ಕೈಗೆ ಸಿಗುವುದು 16,065 ರೂಪಾಯಿ. ಸಂಬಳದ ಮೇಲೆ ನಾವು ತುಂಬಬೇಕಾದದ್ದು ಪಿಎಫ್ ಮತ್ತು ಅದರ ಜೊತೆಗಿನ ವಿಮೆ, ಆಡಳಿತ ಶುಲ್ಕ ಸೇರಿ ಶೇ 13ರಂತೆ 1,950, ಇಎಸ್‌ಐಗೆ ಶೇ 3.25ರಂತೆ 585, ಅಲ್ಲಿಗೆ 20,535. ಅದರ ಮೇಲೆ ಏಜೆನ್ಸಿಯ ಸೇವಾ ಶುಲ್ಕ ಶೇ 8, ಆಮೇಲೆ ಇಡೀ ಮೊತ್ತದ ಮೇಲೆ ಶೇ 18 ಜಿಎಸ್‌ಟಿ. ಹೀಗೆ 16,065 ರೂಪಾಯಿ ಮನೆಗೆ ಒಯ್ಯುವ ಒಬ್ಬರಿಗಾಗಿ ನಮ್ಮ ಬಿಲ್ಲು 26,170ಕ್ಕೆ ಬಂದು ನಿಲ್ಲುತ್ತದೆ. ಏಜೆನ್ಸಿಯ ಪಾಲು ಇದರಲ್ಲಿ 1,643 ಮಾತ್ರ, ಅದು ದುಬಾರಿಯೇನಲ್ಲ. ಹೊಡೆತ ಬೀಳುವುದು ತೆರಿಗೆಯಿಂದ. ವ್ಯಾಪಾರಿ ಸಂಸ್ಥೆಗಳು ಕೊಟ್ಟ ಜಿಎಸ್‌ಟಿಯನ್ನು ತಮ್ಮ ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುತ್ತವೆ. ಉಚಿತವಾಗಿ ಹಂಚುವ ನಮಗೆ ಆ ದಾರಿಯಿಲ್ಲ. ಇಪ್ಪತ್ನಾಲ್ಕು ಜನರಿಗೆ ನಾಲ್ಕು ತಿಂಗಳಲ್ಲಿ ತೆರಿಗೆಯೇ 3.83 ಲಕ್ಷ ದಾಟಿತು. ಏಜೆನ್ಸಿ ಹಿಡಿಯುವ ಮೊದಲು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ಯೋಜನೆಯ ಬಜೆಟ್ಟಿನಲ್ಲಿ ತೋರಿಸದಿದ್ದರೆ ಕೊನೆಯ ತಿಂಗಳಲ್ಲಿ ಹಣ ಸಾಲುವುದಿಲ್ಲ.

ಬಿಲ್ಲಿನ ಇನ್ನೊಂದು ದೋಷವನ್ನೂ ಇಲ್ಲಿಯೇ ಹೇಳಬೇಕು. ವಿದೇಶಿ ದೇಣಿಗೆಯ ಆಡಳಿತ ವೆಚ್ಚದ ಮಿತಿಯನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿ ಶೇ 50ರಿಂದ ಶೇ 20ಕ್ಕೆ ಇಳಿಸಿದೆ. ಸಂಸ್ಥೆಯ ಉದ್ದೇಶಕ್ಕೆ ನೇರವಾಗಿ ದುಡಿಯುವವರ ಸಂಬಳ ಆ ಮಿತಿಯೊಳಗೆ ಬರುವುದಿಲ್ಲ, ಕಚೇರಿ ನಿರ್ವಹಣೆಯವರ ಸಂಬಳ ಬರುತ್ತದೆ. ಆದ್ದರಿಂದ ಯಾರು ಏನು ಕೆಲಸ ಮಾಡಿದರೆಂದು ಬಿಲ್ಲಿನಲ್ಲಿ ಬೇರೆಬೇರೆಯಾಗಿ ಕಾಣಬೇಕು. ಏಜೆನ್ಸಿ ಕಳಿಸುತ್ತಿದ್ದದ್ದು "ಮ್ಯಾನ್‌ಪವರ್ ಚಾರ್ಜಸ್" ಎಂಬ ಒಂದೇ ಸಾಲು. ಎರಡು ಸಲ ಹಿಂದಿರುಗಿಸಿದ ಮೇಲೆ ಸರಿಹೋಯಿತು.

ನೇಮಕಾತಿ ಪತ್ರಗಳನ್ನು ನೋಡಿದ ದಿನ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಏಜೆನ್ಸಿಯ ದೊಡ್ಡ ಗಿರಾಕಿಗಳು ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳು. ಅಲ್ಲಿನ ಕಾರ್ಮಿಕರಿಗೆ ಕೊಡುವ ಇಂಗ್ಲಿಷ್ ಪತ್ರದಲ್ಲಿ ಹೆಸರು ಬದಲಿಸಿ ನಮ್ಮವರಿಗೂ ಕೊಟ್ಟಿದ್ದರು. ಕಾಳಜಿ ಕೇಂದ್ರದಲ್ಲಿ ಬಾಣಂತಿಯರ ಪಟ್ಟಿ ಮಾಡಬೇಕಾದ ಹುಡುಗಿಯ ಪತ್ರದಲ್ಲಿ, ಪಾಳಿಯ ಉತ್ಪಾದನೆಯ ಗುರಿ ಮುಟ್ಟಬೇಕು, ಸುರಕ್ಷತಾ ಬೂಟು ಧರಿಸದೆ ಕರಗಿದ ಲೋಹದ ಹತ್ತಿರ ಹೋಗಬಾರದು ಎಂದಿತ್ತು. ಪ್ರಯಾಣ ಭತ್ಯೆ, ವಾರದ ರಜೆ, ಹೊಳೆ ಏರಿದಾಗ ಕೆಲಸ ನಿಲ್ಲಿಸಿ ಹಿಂದೆ ಬರುವ ಹಕ್ಕು, ನೆರವು ಪಡೆಯುವವರಿಂದ ಏನನ್ನೂ ಕೇಳಬಾರದೆಂಬ ನಡತೆಯ ನಿಯಮ, ಇವುಗಳಲ್ಲಿ ಒಂದೂ ಇರಲಿಲ್ಲ. ಎರಡು ರಾತ್ರಿ ಕೂತು ಕನ್ನಡದಲ್ಲಿ ಮೂರು ಪುಟದ ಪತ್ರ ಬರೆದು, ಏಜೆನ್ಸಿಯ ಸೀಲು ಹಾಕಿಸಿ, ಓದಿ ಹೇಳಿ ಸಹಿ ಮಾಡಿಸಿದೆ. ಆ ಕೆಲಸಕ್ಕೂ ಸೇರಿಸಿಯೇ ಶೇ 8 ಕೊಟ್ಟಿದ್ದೆವು.

ಹಾಜರಿ ಆ್ಯಪ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಇದ್ದಲ್ಲಿಂದಲೇ ಸೆಲ್ಫಿ ತೆಗೆದು ಕಳಿಸಬೇಕು. ನೆಟ್‌ವರ್ಕ್ ಇಲ್ಲದ ಹೊಳೆದಂಡೆಯ ಊರಿನಲ್ಲಿ ಇಡೀ ದಿನ ದುಡಿದವರು ಗೈರುಹಾಜರಿ, ಮುಧೋಳ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸೆಲ್ಫಿ ತೆಗೆದವರು ಹಾಜರಿ. ಮೊದಲ ತಿಂಗಳು ಹನ್ನೊಂದು ಜನರ ಸಂಬಳ ಕಡಿತವಾಯಿತು. ಮರುತಿಂಗಳಿನಿಂದ ಕಾಗದದ ಹಾಜರಿ ಪುಸ್ತಕಕ್ಕೆ ಮರಳಿದೆವು.

ಸೆಪ್ಟೆಂಬರ್ ತಿಂಗಳ ಸಂಬಳದ ಕತೆ ಬೇರೆ. ಸಾವಿರಕ್ಕಿಂತ ಕಡಿಮೆ ಜನರಿರುವಲ್ಲಿ ಮರುತಿಂಗಳ 7ನೆಯ ತಾರೀಖಿನೊಳಗೆ ಸಂಬಳವಾಗಬೇಕೆಂದು ಆಗ ಜಾರಿಯಲ್ಲಿದ್ದ ವೇತನ ಪಾವತಿ ಕಾಯ್ದೆ ಹೇಳುತ್ತಿತ್ತು, ನಮ್ಮಿಂದ ಹಣ ಬರಲಿ ಬಿಡಲಿ ಆ ದಿನ ಸಂಬಳ ಕೊಡುವುದಾಗಿ ಏಜೆನ್ಸಿಯೂ ಒಪ್ಪಂದದಲ್ಲಿ ಬರೆದುಕೊಟ್ಟಿತ್ತು. ಆ ತಿಂಗಳು ನಮ್ಮ ಅನುದಾನದ ಕಂತು ತಡವಾದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಂಥ ತಡವನ್ನು ತಡೆದುಕೊಳ್ಳುವ ಶಕ್ತಿಯಿದೆ ಎಂದೇ ಅಲ್ಲವೇ ನಾವು ಏಜೆನ್ಸಿಗೆ ಶುಲ್ಕ ಕೊಡುವುದು? ಅಕ್ಟೋಬರ್ 7 ಕಳೆಯಿತು, 12ಕ್ಕೆ ವಿಜಯದಶಮಿಯೂ ಕಳೆಯಿತು. ಸಂಬಳ ಬಂದದ್ದು 19ಕ್ಕೆ. ಹಬ್ಬದ ಮರುದಿನ ಬನ್ನಿ ಕೊಡಲು ಕಚೇರಿಗೆ ಬಂದ ಹಿರಿಯ ಕಾರ್ಯಕರ್ತರೊಬ್ಬರು ಎಲೆಯನ್ನು ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರೀ ಮೇಡಂ. ಬಂಗಾರ ಬಂತು, ಪಗಾರ ಒಂದ ಬರಲಿಲ್ಲ ನೋಡ್ರಿ" ಎಂದು ನಕ್ಕರು. ನಾನು ನಗಲಾಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಲೋಪ ಪಿಎಫ್‌ನದು. ಅದನ್ನು ಕಂಡುಹಿಡಿದದ್ದು ನಾನಲ್ಲ. ಅಕ್ಟೋಬರ್ ಕೊನೆಯಲ್ಲಿ ಜಮಖಂಡಿ ಕಡೆಯ ಕಾರ್ಯಕರ್ತೆಯೊಬ್ಬಳು ಪಿಎಫ್ ಖಾತೆ ನೋಡಬಹುದಾದ ಸರ್ಕಾರಿ ಉಮಂಗ್ ಆ್ಯಪ್ ತೆರೆದು ಮೊಬೈಲನ್ನು ನನ್ನ ಮುಂದೆ ಹಿಡಿದಳು: "ಮೇಡಂ, ಎರಡು ತಿಂಗಳ ಹಿಡಕೊಂಡಾರ, ನನ್ನ ಪಾಸ್‌ಬುಕ್ಕಿನ್ಯಾಗ ಏನೂ ಬಂದಿಲ್ರೀ." ಸಂಬಳ ಚೀಟಿಯಲ್ಲಿ 1,800 ರೂಪಾಯಿ ಕಡಿತ ಎರಡು ಸಲ ಕಾಣುತ್ತಿತ್ತು, ಪಾಸ್‌ಬುಕ್ ಖಾಲಿಯಿತ್ತು. ಪ್ರತಿ ತಿಂಗಳ ಪಿಎಫ್ ಮರುತಿಂಗಳ 15ರೊಳಗೆ ಜಮೆಯಾಗಬೇಕು. ಏಜೆನ್ಸಿಗೆ ಫೋನ್ ಮಾಡಿದಾಗ, "ಚಲನ್ ಆಗೇತ್ರಿ ಮೇಡಂ, ಸರ್ವರ್ ಡೌನ್ ಐತಿ" ಎಂಬ ಉತ್ತರ ಬಂತು, ಸಂಜೆಯ ಹೊತ್ತಿಗೆ ಚಲನ್ ಪ್ರತಿಯೂ ಬಂತು. ಅದು ಅಸಲಿಯೇ. ಆದರೆ ಅದರಲ್ಲಿದ್ದದ್ದು ಏಜೆನ್ಸಿಯ ಎಲ್ಲ ಗಿರಾಕಿಗಳ ಎಲ್ಲ ಕೆಲಸಗಾರರ ಒಟ್ಟು ಮೊತ್ತ. ಅದರೊಳಗೆ ನಮ್ಮ ಇಪ್ಪತ್ನಾಲ್ಕು ಜನ ಇದ್ದಾರೋ ಇಲ್ಲವೋ ಎಂದು ಆ ಒಂದು ಹಾಳೆಯಿಂದ ತಿಳಿಯುವುದು ಸಾಧ್ಯವಿಲ್ಲ. ಅದಕ್ಕೆ ಬೇಕಾದದ್ದು ಚಲನ್ ಜೊತೆ ಸಲ್ಲಿಕೆಯಾಗುವ ಇಸಿಆರ್, ಅಂದರೆ ಒಬ್ಬೊಬ್ಬರ ಹೆಸರು, ಪಿಎಫ್ ಸದಸ್ಯತ್ವದ ಯುಎಎನ್ ಸಂಖ್ಯೆ ಮತ್ತು ಮೊತ್ತವಿರುವ ಪಟ್ಟಿ. ಚಲನ್ ನೋಡಿ ಬಿಲ್ಲು ಪಾಸು ಮಾಡುತ್ತಿದ್ದ ತಪ್ಪು ನನ್ನದೇ. ಆಗಸ್ಟ್ ತಿಂಗಳದ್ದನ್ನು ಹಾಗೆಯೇ ಪಾಸು ಮಾಡಿದ್ದೆ.

ಇಸಿಆರ್ ತರಿಸಲು ಮೂರು ವಾರ ಹಿಡಿಯಿತು. ಬಂದ ಪಟ್ಟಿಯಲ್ಲಿ ನಮ್ಮವರ ಹದಿನೈದು ಹೆಸರುಗಳಿದ್ದವು, ಒಂಬತ್ತು ಇರಲಿಲ್ಲ. ಆ ಒಂಬತ್ತರಲ್ಲಿ ಏಳು ಜನರ ಯುಎಎನ್ ಹುಟ್ಟಿಯೇ ಇರಲಿಲ್ಲ. ಕಾರಣ ನಮ್ಮ ಭಾಗದವರಿಗೆ ಗೊತ್ತಿರುವಂಥದ್ದೇ: ಶಾಲೆಯ ಅಂಕಪಟ್ಟಿಯಲ್ಲಿ ಹೆಸರು ಒಂದು, ಆಧಾರ್‌ನಲ್ಲಿ ಅದರ ಕೊನೆಗೊಂದು "ಅವ್ವ" ಅಥವಾ "ಅಪ್ಪ", ಮದುವೆಯಾದವರಿಗೆ ಅಡ್ಡಹೆಸರೂ ಬೇರೆ. ಏಜೆನ್ಸಿಯ ಹುಡುಗ ಅಂಕಪಟ್ಟಿ ನೋಡಿ ಹೆಸರು ತುಂಬಿದ್ದ, ಆಧಾರ್ ತಾಳೆಯಾಗದೆ ಅರ್ಜಿ ತಿರಸ್ಕೃತವಾಗಿತ್ತು, ಆಮೇಲೆ ಯಾರೂ ಅದನ್ನು ತೆರೆದು ನೋಡಿರಲಿಲ್ಲ. ಉಳಿದ ಇಬ್ಬರನ್ನು ಮರೆತೇಬಿಟ್ಟಿದ್ದರು. ಕಡಿತ ಮಾತ್ರ ಒಂಬತ್ತೂ ಜನರಿಂದ ತಪ್ಪದೆ ನಡೆದಿತ್ತು. ಗುತ್ತಿಗೆದಾರ ಸಂಬಳ ಕೊಡದಿದ್ದರೆ, ಪಿಎಫ್ ತುಂಬದಿದ್ದರೆ ಅದರ ಹೊಣೆ ಕೊನೆಗೆ ಬರುವುದು ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯ ಮೇಲೆಯೇ. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೂ ಪಿಎಫ್ ಕಾಯ್ದೆಯೂ ಇದನ್ನು ಸ್ಪಷ್ಟವಾಗಿ ಹೇಳುತ್ತಿದ್ದವು. ಏಜೆನ್ಸಿ ಇಟ್ಟುಕೊಂಡರೆ ತಲೆನೋವು ತಪ್ಪುತ್ತದೆ ಎಂದು ನಂಬುವ ಕಾರ್ಯಕ್ರಮ ವ್ಯವಸ್ಥಾಪಕರಿಗೆ ಈ ಮಾತನ್ನು ನಾನು ಈಗ ಮೊದಲ ಸಭೆಯಲ್ಲಿಯೇ ಹೇಳುತ್ತೇನೆ.

ಇಎಸ್‌ಐ ನೋಂದಣಿಯಲ್ಲಿಯೂ ಇದೇ ಸಡಿಲ. ಕೆಲಸದಲ್ಲಿ ಪೆಟ್ಟಾದರೆ ಇಎಸ್‌ಐ ರಕ್ಷಣೆ ಮೊದಲ ದಿನದಿಂದಲೇ ಇರುತ್ತದೆ, ಆದರೆ ಕೈಯಲ್ಲಿ ಸಂಖ್ಯೆಯಿಲ್ಲದೆ ಆಸ್ಪತ್ರೆಯ ಕಿಟಕಿಯಲ್ಲಿ ಏನು ಹೇಳುವುದು? ಐದನೆಯ ವಾರದಲ್ಲಿ ಕೆಸರಿನಲ್ಲಿ ಬೈಕ್ ಜಾರಿ ಕಾರ್ಯಕರ್ತನೊಬ್ಬನ ಮುಂಗೈ ಮುರಿಯಿತು. ಅವನ ಸಂಖ್ಯೆ ಬಂದದ್ದು ಏಳನೆಯ ವಾರ. ಚಿಕಿತ್ಸೆಯ ಹಣವನ್ನು ಕಚೇರಿಯಿಂದಲೇ ಕೊಟ್ಟೆವು. ಅದು ಇನ್ನೂ ವಸೂಲಾಗಿಲ್ಲ.

ಪೊಲೀಸ್ ಪರಿಶೀಲನೆ "ಆಗಿದೆ" ಎಂದು ಪಟ್ಟಿಯಲ್ಲಿ ಇಪ್ಪತ್ನಾಲ್ಕು ಟಿಕ್ ಗುರುತುಗಳಿದ್ದವು, ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಪಡೆದ ಪ್ರಮಾಣಪತ್ರ ಇದ್ದದ್ದು ಆರು ಜನರದು ಮಾತ್ರ. ಮಕ್ಕಳೂ ಒಂಟಿ ಹೆಂಗಸರೂ ಇರುವ ಕಾಳಜಿ ಕೇಂದ್ರಕ್ಕೆ ಯಾರನ್ನಾದರೂ ಕಳಿಸುವ ಮೊದಲು ಅವರ ಹಿಂದಿನ ಐದು ವರ್ಷಗಳ ಕೆಲಸದ ಸ್ಥಳಗಳಲ್ಲಿ ದುರ್ನಡತೆಯ ದೂರು ಇತ್ತೇ ಎಂದು ವಿಚಾರಿಸುವುದು ನೆರವು ಸಂಸ್ಥೆಗಳಲ್ಲಿ ಇಂದು ರೂಢಿಯಾಗುತ್ತಿರುವ ಪದ್ಧತಿ. ಏಜೆನ್ಸಿಗೆ ಅದು ಹೊಸ ವಿಷಯ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಡಿ ದೂರು ವಿಚಾರಿಸುವ ಅವರ ಆಂತರಿಕ ಸಮಿತಿಯ ಸದಸ್ಯರ ಹೆಸರು ಕೇಳಿದಾಗ ಮ್ಯಾನೇಜರು, "ನಮ್ಮಲ್ಲಿ ಅಂಥಾ ಕಂಪ್ಲೇಂಟ್ ಬರೂದಿಲ್ರೀ" ಎಂದರು. ದೂರು ಹೇಳಲು ಜಾಗವೇ ಇಲ್ಲದ ಕಡೆ ದೂರು ಬರುವುದಾದರೂ ಹೇಗೆ? ನಮ್ಮ ಸಮಿತಿಯ ಫೋನ್ ಸಂಖ್ಯೆಯನ್ನು ಎಲ್ಲರ ಗುರುತಿನ ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದೆ.

ಮುಂದಿನ ಮಳೆಗಾಲದಲ್ಲಿ ಹೊಳೆ ಏರಿದರೆ ಇವರನ್ನು ಮತ್ತೆ ಕರೆಯುತ್ತೇನೆಯೇ? ಜನರನ್ನು ಹುಡುಕಲು ಖಂಡಿತ ಕರೆಯುತ್ತೇನೆ, ತಲೆಗಿಷ್ಟು ಎಂದು ಒಂದು ಸಲದ ಶುಲ್ಕ ಕೊಟ್ಟು. ಸಂಬಳ, ಪಿಎಫ್, ಪತ್ರಗಳನ್ನು ನಮ್ಮ ಕಚೇರಿಯಲ್ಲಿಯೇ ನಿಗದಿತ ಅವಧಿಯ ಒಪ್ಪಂದದ ಮೇಲೆ ಮಾಡುವುದು ಮೇಲು. ಜಿಎಸ್‌ಟಿಯಲ್ಲಿ ಉಳಿಯುವ ಹಣದಲ್ಲಿ ನನಗೊಬ್ಬ ಸಹಾಯಕರನ್ನು ಇಟ್ಟುಕೊಳ್ಳಬಹುದು ಎಂದು ಮುಖ್ಯ ಕಚೇರಿಗೆ ಬರೆದಿದ್ದೇನೆ.

ನವೆಂಬರ್‌ನಿಂದ ಒಪ್ಪಂದವನ್ನು ತಿದ್ದಿ, ಸಂಬಳ ಮತ್ತು ಪಿಎಫ್‌ನ ಹಣವನ್ನು ಮೊದಲು ಕೊಟ್ಟು, ಸೇವಾ ಶುಲ್ಕವನ್ನು ಇಪ್ಪತ್ನಾಲ್ಕೂ ಹೆಸರುಗಳಿರುವ ಇಸಿಆರ್ ಬಂದ ಮೇಲೆ ಮಾತ್ರ ಕೊಡುವುದೆಂದು ಮಾಡಿಕೊಂಡೆವು. ಅದಾದ ಮೇಲೆ ಏಳು ಜನರ ಆಧಾರ್ ಗೊಂದಲ ಹದಿನೈದೇ ದಿನಗಳಲ್ಲಿ ಬಗೆಹರಿಯಿತು. ಮರೆತುಹೋಗಿದ್ದ ಆ ಇಬ್ಬರದು ಮಾತ್ರ ಇನ್ನೂ ಬಾಕಿಯಿದೆ, ಹಾಗಾಗಿ ನವೆಂಬರ್ ತಿಂಗಳ ಸೇವಾ ಶುಲ್ಕ, ತೆರಿಗೆ ಬಿಟ್ಟು 39,427 ರೂಪಾಯಿಯ ಬಿಲ್ಲು, ನನ್ನ ಡ್ರಾಯರಿನಲ್ಲಿಯೇ ಇದೆ. ಮ್ಯಾನೇಜರು ವಾರಕ್ಕೊಮ್ಮೆ ಫೋನ್ ಮಾಡಿ, "ಇಷ್ಟ ಸಣ್ಣ ಅಮೌಂಟಿಗೆ ಯಾಕ್ರೀ ಮೇಡಂ ತಡದೀರಿ" ಎನ್ನುತ್ತಾರೆ. ನಾನು ಆ ಇಬ್ಬರ ಹೆಸರನ್ನು ಆಧಾರ್‌ನಲ್ಲಿ ಇರುವಂತೆ ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ.