ಬೆಲ್ಲದ ಅಂಗಡಿಯ ಲೆಕ್ಕಕ್ಕೆ ಗೂಗಲ್ ಶೀಟ್ಸ್

ಮಂಡ್ಯದಲ್ಲಿ ನಮ್ಮದು ಬೆಲ್ಲದ ಸಗಟು ಅಂಗಡಿ. ಅಚ್ಚು ಬೆಲ್ಲ, ಬಕೆಟ್ ಬೆಲ್ಲಗಳ ತೂಕ, ದರ, ಬಾಕಿ ಎಲ್ಲವನ್ನೂ ಈಗ ಹಲವರು ಒಟ್ಟಿಗೇ ಬರೆಯಬಹುದಾದ ಆನ್‌ಲೈನ್ ಲೆಕ್ಕದ ಹಾಳೆಯಾದ ಗೂಗಲ್ ಶೀಟ್ಸ್‌ನಲ್ಲೇ ಬರೆಯುತ್ತೇವೆ. ತಕ್ಕಡಿಯ ಪಕ್ಕ ನಿಂತ ನನ್ನ ತಮ್ಮ ತನ್ನ ಮೊಬೈಲಿನಲ್ಲಿ ಕಿಲೋ ನಮೂದಿಸಿದರೆ, ಗಲ್ಲಾದಲ್ಲಿ ಕುಳಿತ ನನ್ನ ಪರದೆಯ ಮೇಲೆ ಆಗಲೇ ಮೊತ್ತ ಮೂಡುತ್ತದೆ. 'ಗೋಣಿ ಒದ್ದೆ, ಅರ್ಧ ಕಿಲೋ ಕಳೆದಿದೆ' ಎಂಬ ಷರಾವನ್ನೂ ಕನ್ನಡದಲ್ಲೇ ಬರೆಯಬಹುದು.

ನಾನು ಬಹಳ ಮೆಚ್ಚಿದ್ದು ಇದರಲ್ಲಿ ಉಳಿಯುವ ತಿದ್ದುಪಡಿಗಳ ಇತಿಹಾಸವನ್ನು. ಆಲೆಮನೆಯವರೊಬ್ಬರು ಬಾಕಿಯ ಅಂಕಿಯ ಬಗ್ಗೆ ತಕರಾರು ತೆಗೆದಾಗ, ಯಾರು, ಯಾವಾಗ ಏನು ತಿದ್ದಿದರು ಎಂಬುದನ್ನು ಅವರೆದುರೇ ತೆರೆದು ತೋರಿಸಿದೆ. ಅವರು ಒಂದೊಂದೇ ಸಾಲು ಓದಿ, ಸಮಾಧಾನದಿಂದ ಹಣ ಪಡೆದು ಹೋದರು. ಬೆವರು ಸುರಿಸಿ ಬೆಲ್ಲ ಕಾಯಿಸಿದವರಿಗೆ ಅಷ್ಟು ಖಾತರಿ ಕೊಡಲೇಬೇಕು. ಯಾರು ತಿದ್ದಿದರೆಂದು ಹೀಗೆ ತಿಳಿಯಲು ಅಂಗಡಿಯ ಒಬ್ಬೊಬ್ಬರಿಗೂ ಪ್ರತ್ಯೇಕ ಗೂಗಲ್ ಖಾತೆ ಇರಲಿ.

ಸಾಮಾನ್ಯ ಖಾತೆಗೆ ಶುಲ್ಕವಿಲ್ಲ. ಆದರೆ ಉಚಿತ 15 ಜಿಬಿ ಜಾಗ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ್ದು. ಬಿಲ್ಲುಗಳ ಫೋಟೋ ತುಂಬುವವರು ಗಮನಿಸಬೇಕು. ಆಲೆಮನೆಗಳ ಕಡೆ ಸಿಗ್ನಲ್ ನಂಬುವಂತಿಲ್ಲ, ಆಫ್‌ಲೈನ್ ಸೌಲಭ್ಯವನ್ನು ಅಂಗಡಿಯಲ್ಲೇ ಚಾಲೂ ಮಾಡಿಕೊಂಡು ಹೊರಡಿ. ಪೊಟ್ಟಣದ ಬೆಲ್ಲಕ್ಕೆ ಜಿಎಸ್‌ಟಿ ಬಿಲ್ ಹಾಕುವವರಿಗೆ ಮಾತ್ರ ಇದೊಂದೇ ಸಾಲದು, ಬಿಲ್ಲಿಂಗ್ ತಂತ್ರಾಂಶವೂ ಬೇಕು.