ಏಸ್ 250 ಡಿಟೆಕ್ಟರ್: ಕಾಯಿನ್ಸ್ ಮೋಡ್ ಒಂದನ್ನೇ ನಂಬಬೇಡಿ

ಗುಬ್ಬಿ ಕಡೆ ನಮ್ಮ ರಾಗಿ ಹೊಲದಲ್ಲಿ ಹಿಂದೆ ಸಂತೆಗೆ ಬಂದ ಎತ್ತಿನ ಗಾಡಿಗಳನ್ನು ಬಿಡುತ್ತಿದ್ದರು. ಹಾಗಾಗಿ ಹಳೇ ಕಾಸು ಇದ್ದೇ ಇರುತ್ತದೆ. ಅದಕ್ಕಿಂತ ಜಾಸ್ತಿ ಲಾಳದ ಮೊಳೆ! ಮೊಳೆ ಬಿಟ್ಟು ಕಾಸು ಹುಡುಕೋಕೆ ಅಂತಲೇ ಗ್ಯಾರೆಟ್ ಏಸ್ 250 ಅನ್ನೋ ಲೋಹ ಹುಡುಕುವ ಮೆಷೀನ್ ತೆಗೆದುಕೊಂಡೆ, ಸೆಕೆಂಡ್ ಹ್ಯಾಂಡ್.

ಹಗುರವಾಗಿದೆ, ನಾಲ್ಕು ಪೆನ್ಸಿಲ್ ಸೆಲ್ ಸಾಕು. ಪರದೆಯ ಮೇಲ್ಗಡೆ 12 ಮನೆಗಳಿವೆ, ಸಿಕ್ಕಿದ್ದು ಯಾವ ಥರದ ಲೋಹ ಅಂತ ಇವು ತೋರಿಸುತ್ತವೆ. ಎಡಕ್ಕೆ ಕಬ್ಬಿಣ, ಬಲಕ್ಕೆ ಬೆಳ್ಳಿ. ಬೇಡದ ಮನೆಯನ್ನು ಎಲಿಮ್ ಬಟನ್ ಒತ್ತಿ ಆಫ್ ಮಾಡಬಹುದು, ಆಮೇಲೆ ಆ ಲೋಹಕ್ಕೆ ಸದ್ದು ಬರುವುದಿಲ್ಲ. ಡಿಸ್ಕ್ರಿಮಿನೇಷನ್ ಅಂದರೆ ಇಷ್ಟೇ.

ಕಾಯಿನ್ಸ್ ಮೋಡ್ ಹಾಕಿದರೆ ಕಬ್ಬಿಣ, ಮಾತ್ರೆ ಪಟ್ಟಿಯ ತೆಳು ಲೋಹದ ಹಾಳೆಯಂಥ ಕಸಕ್ಕೆ ಸದ್ದೇ ಬರುವುದಿಲ್ಲ. ಹಾಯಾಗಿದೆ ಅಲ್ವಾ? ಆದರೆ ಆ ಮೋಡ್ ಇರುವುದು ಅಮೆರಿಕದ ಸೆಂಟು, ಡಾಲರಿಗೆ. ನಮ್ಮ ತಾಮ್ರದ ಕಾಲಾಣೆ ದಪ್ಪಗಿದೆ, ಗಂಟೆ ಹೊಡೆದಂತೆ ಸದ್ದು ಬರುತ್ತದೆ. ಹಳೇ ನಾಲ್ಕಾಣೆ ಹಾಗಲ್ಲ. ತಾಮ್ರ ನಿಕ್ಕಲ್ ಮಿಶ್ರಣದ ಆ 25 ಪೈಸೆ ಬರೀ ಎರಡೂವರೆ ಗ್ರಾಂ, ಮಾತ್ರೆ ಹಾಳೆ ಬೀಳುವ ಮನೆಯಲ್ಲೇ ಬೀಳುತ್ತದೆ. ಹಣ ಅನ್ನೋ ಹಳೇ ಚಿನ್ನದ ನಾಣ್ಯ ಅಂತೂ ಮೆಂತ್ಯದಷ್ಟು ಚಿಕ್ಕದು. ಹಾಳೆಯ ಮನೆ ಆಫ್ ಮಾಡಿದರೆ ಅದೂ ಹೋಯಿತು.

ನಾನು ಬೇಕಾದಂತೆ ಹೊಂದಿಸಿಕೊಳ್ಳುವ ಕಸ್ಟಮ್ ಮೋಡ್‌ನಲ್ಲಿ ಕಬ್ಬಿಣದ ಎಡಭಾಗ ಮಾತ್ರ ಆಫ್ ಮಾಡಿಟ್ಟಿದ್ದೇನೆ. ಮಾತ್ರೆ ಹಾಳೆ ಅಗೆಯುತ್ತೇನೆ, ಬೇಜಾರಿಲ್ಲ. ಮೊಳೆಗಳು ಒತ್ತೊತ್ತಾಗಿರುವ ಕಡೆ ಮಾತ್ರ ಎಲ್ಲ ಲೋಹಕ್ಕೂ ಸದ್ದು ಮಾಡುವ ಆಲ್ ಮೆಟಲ್ ಮೋಡ್‌ಗೆ ಹೋಗಬೇಕು. ಕಬ್ಬಿಣ ಆಫ್ ಮಾಡಿಟ್ಟರೆ ಮೊಳೆ ಪಕ್ಕದ ಕಾಸಿನ ಸದ್ದೂ ಅಡಗುವುದುಂಟು. ಸೋಡಾ ಬಾಟಲಿ ಮುಚ್ಚಳ ಕಬ್ಬಿಣದ್ದೇ, ಆದರೂ ಚಪ್ಪಟೆ ಇರುವುದರಿಂದ ಕಾಸಿನ ಹಾಗೇ ಕೂಗುತ್ತದೆ! ಎರಡು ದಿಕ್ಕಿನಿಂದ ಕಾಯಿಲ್ (ಮೆಷೀನಿನ ತುದಿಯ ತಟ್ಟೆ) ಆಡಿಸಿ ನೋಡಿ. ಕಾಸಾದರೆ ಸದ್ದು ಒಂದೇ ಥರ, ಮುಚ್ಚಳವಾದರೆ ಸಾಮಾನ್ಯವಾಗಿ ಒಡೆಯುತ್ತದೆ.

ನಮ್ಮ ಕೆಂಪು ಮಣ್ಣಲ್ಲೂ ಕಬ್ಬಿಣದಂಶ ಇದೆ. ಸೆನ್ಸಿಟಿವಿಟಿ ಪೂರ್ತಿ ಏರಿಸಿದರೆ ಸುಮ್ನೆ ಕಿರುಚುತ್ತದೆ, ಒಂದೆರಡು ಗೆರೆ ಇಳಿಸಿ. ಆಳ ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ದಾರಿಯಲ್ಲಿ ಹೋಗುವವರೆಲ್ಲ "ಏನಣ್ಣಾ, ನಿಧಿ ಸಿಕ್ತಾ?" ಅಂತ ಕೇಳುತ್ತಾರೆ. ನಗಬೇಡಿ, ಬೆಲೆಬಾಳುವಂಥದ್ದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಕಾನೂನಿದೆ. ಹಳೇ ಗುಡಿ, ಕೋಟೆ ಕಡೆಯಂತೂ ಈ ಮೆಷೀನ್ ಒಯ್ಯಲೇಬೇಡಿ. ಸ್ವಂತ ಹೊಲ ಇದ್ದವರಿಗೆ, ಮೊದಲ ಸಲ ತೆಗೆದುಕೊಳ್ಳುವವರಿಗೆ ಇದು ಚೆನ್ನಾಗಿದೆ. ಹಳೆಯದು ಕೊಳ್ಳುವಾಗ ಕಾಯಿಲ್ ವೈರ್ ಬಗ್ಗಿಸಿ ನೋಡಿ, ಆಗ ಸದ್ದು ಬಂದರೆ ಬೇಡ.